ಎರಡನೆಯ ತರಗತಿಯ ಮಗ ತಾನಾಗಿ ಓದಿಕೊಳ್ಳಬಹುದಾದ ಕನ್ನಡ ಪುಸ್ತಕಗಳನ್ನು ಆರಿಸುವುದು ಹೇಗೆ?

ಪ್ರಶ್ನೆ: ಪೆರ್ಲದ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಕಾಸರಗೋಡು ಜಿಲ್ಲೆಯ ಪೆರ್ಲದ ಬಳಿ ವಾಸವಾಗಿದ್ದೇವೆ. ಮನೆಮಾತು ತುಳು. ಮಗ ಕನ್ನಡ ಮಾಧ್ಯಮದ ಶಾಲೆಯಲ್ಲಿ ಎರಡನೆಯ ತರಗತಿಯಲ್ಲಿದ್ದಾನೆ. ವರ್ಣಮಾಲೆಯನ್ನೂ ಕಾಗುಣಿತವನ್ನೂ ತಪ್ಪಿಲ್ಲದೆ ಹೇಳುತ್ತಾನೆ. ಪಠ್ಯಪುಸ್ತಕದ ಆಚೆಗೂ ಏನಾದರೂ ಓದಲಿ ಎಂಬ ಆಸೆಯಿಂದ ಕಳೆದ ರಜೆಯಲ್ಲಿ ಮಂಗಳೂರಿಗೆ ಹೋಗಿದ್ದಾಗ ಚಿತ್ರ ಚೆನ್ನಾಗಿರುವ ಏಳು ಕಥೆಪುಸ್ತಕಗಳನ್ನು ತಂದೆ. ಮೊದಲ ದಿನ ಅವುಗಳನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದವನು ಈಗ ಪುಸ್ತಕ ಎಂದರೆ ಅಂಗಳಕ್ಕೆ ಓಡುತ್ತಾನೆ.

ಗಮನಿಸಿ ನೋಡಿದಾಗ ತಿಳಿದದ್ದು ಇಷ್ಟು: ಅವನು ಓದುತ್ತಿರಲಿಲ್ಲ, ಚಿತ್ರ ನೋಡಿ ಊಹಿಸುತ್ತಿದ್ದ. ‘ಬೆಕ್ಕು’ ಎಂದು ಅಚ್ಚಾಗಿದ್ದ ಕಡೆ ಬೆರಳಿಟ್ಟು ‘ಪುಚ್ಚೆ’ ಎಂದ. ಚಿತ್ರವನ್ನು ಅಂಗೈಯಿಂದ ಮುಚ್ಚಿದರೆ ಅಲ್ಲಿಗೇ ನಿಂತ. ‘ಸೂರ್ಯ’ ಎಂಬುದನ್ನು ‘ಸೂ, ಯ, ರ್’ ಎಂದು ಬಿಡಿಸಿ ಓದಿ, ಅದು ಯಾವ ಪದವೆಂದು ನನ್ನ ಮುಖ ನೋಡಿದ. ಹಾಗೆ ನೋಡಿದಾಗ ನನಗೆ ಬಹಳ ಸಂಕಟವಾಯಿತು. ಮುಖಪುಟದಲ್ಲಿ ನಮೂದಿಸುವ ವಯಸ್ಸನ್ನು ನಂಬಬಹುದೇ? ಓದಲು ಕಲಿಯುತ್ತಿರುವ ಮಗುವಿನ ಪುಸ್ತಕದಲ್ಲಿ ನಿಜವಾಗಿ ಏನನ್ನು ನೋಡಬೇಕು? ಇಂತಹ ಪುಸ್ತಕಗಳು ನಮ್ಮ ಕಡೆ ಎಲ್ಲಿ ಸಿಗುತ್ತವೆ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಅಧ್ಯಾಪಕ, ಮಂಜೇಶ್ವರ

ನಮಸ್ಕಾರ ಅಮ್ಮ. ನಿಮ್ಮ ಮಗನಲ್ಲಿ ಕೊರತೆಯೇನೂ ಇಲ್ಲ. ‘ಸೂರ್ಯ’ವನ್ನು ಅವನು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದ್ದಾನೆ. ಅರ್ಕಾವೊತ್ತನ್ನು ನಾವು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಅದಕ್ಕಿಂತ ಮೊದಲು. ಇದನ್ನು ಯಾರಾದರೂ ಹೇಳಿಕೊಡದೆ ಮಗುವಿಗೆ ಗೊತ್ತಾಗುವುದಾದರೂ ಹೇಗೆ?

ವಯಸ್ಸಿನ ಸೂಚನೆಯನ್ನು ಬದಿಗಿಟ್ಟು, ಪುಸ್ತಕವನ್ನು ತೆರೆದು ಒತ್ತಕ್ಷರಗಳನ್ನು ನೋಡಿ. ಕನ್ನಡ ಓದುವ ಮಗುವಿಗೆ ಏರು ಇರುವುದು ಅಲ್ಲಿಯೇ. ‘ಸರ’, ‘ಮರ’, ‘ಹಲಸು’, ‘ನಾಯಿ ಓಡಿತು’ ಎಂಬಂತಹವು ಸಮತಟ್ಟಾದ ದಾರಿ. ಅದಾದ ಮೇಲೆ ಅಜ್ಜ, ಅಕ್ಕಿ, ಹಳ್ಳ ಮುಂತಾದ ಸಜಾತೀಯ ಒತ್ತಕ್ಷರದ ಪದಗಳು ಬರಬೇಕು; ಮೇಲಿನದೂ ಕೆಳಗಿನದೂ ಒಂದೇ ಅಕ್ಷರವಾದ್ದರಿಂದ, ಕಿವಿಗೆ ಪರಿಚಯವಿದ್ದರೆ, ಮಗು ಅವನ್ನು ಬೇಗ ಹಿಡಿಯುತ್ತದೆ. ವಿಜಾತೀಯ ಒತ್ತಕ್ಷರ ಬಂದಾಗಲೇ ನಿಜವಾದ ತೊಡಕು. ‘ಕುಸ್ತಿ’ ಎಂಬ ಪದವನ್ನೇ ನೋಡಿ. ಗುಡಿಸು ಇರುವುದು ‘ಸ’ಕಾರದ ತಲೆಯ ಮೇಲೆ, ಆದರೆ ಆ ‘ಇ’ ಸ್ವರ ಕೇಳಿಸುವುದು ಕೆಳಗಿರುವ ‘ತ’ಕಾರದ ನಂತರ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದನ್ನು ‘ಕುಸಿತ’ ಎಂದು ಓದಿದ್ದ. ಅದೂ ಒಂದು ಪದವೇ ಆದ್ದರಿಂದ ಅವನಿಗೆ ತಪ್ಪಾಗಿದೆ ಎಂಬ ಅನುಮಾನವೂ ಬರಲಿಲ್ಲ.

ಹಾಗೆಂದು ಒತ್ತಕ್ಷರವೇ ಇಲ್ಲದ ಪುಸ್ತಕವನ್ನು ಹುಡುಕುತ್ತಾ ಕೂರಬಾರದು. ಅಮ್ಮ, ಇಲ್ಲ, ಬಂತು, ಬೆಕ್ಕು, ಇತ್ತು ಎನ್ನುವುದರಲ್ಲಿ ‘ಬಂತು’ ಒಂದನ್ನು ಬಿಟ್ಟರೆ ಉಳಿದ ಎಲ್ಲದರಲ್ಲೂ ಒತ್ತು ಇದೆಯಲ್ಲ. ಅವಿಲ್ಲದೆ ಕನ್ನಡದ ಕಥೆ ಸಹಜವಾಗಿ ಸಾಗುವುದಿಲ್ಲ. ಒಂದು ಪುಟದಲ್ಲಿ ವಿಜಾತೀಯ ಒತ್ತಿನ ಪದ ಒಂದೋ ಎರಡೋ ಇರಲಿ, ಅದೇ ಪದ ಮುಂದಿನ ಪುಟಗಳಲ್ಲಿ ಮತ್ತೆ ಮತ್ತೆ ಬರಲಿ. ಮೂರನೆಯ ಸಲಕ್ಕೆ ಮಗು ಅದನ್ನು ನಿಲ್ಲದೆ ಓದುತ್ತದೆ.

ಮಗನ ಕೈಗೆ ಕೊಡುವ ಮೊದಲು ನೀವು ಒಂದು ಪುಟವನ್ನು ಅವನಿಂದ ಓದಿಸಿ. ನಾಲ್ಕೈದು ಕಡೆ ಎಡವಿದರೆ ಅದು ಸದ್ಯಕ್ಕೆ ನೀವು ಓದಿ ಹೇಳಬೇಕಾದ ಪುಸ್ತಕ. ಅಕ್ಷರ ದಪ್ಪವಾಗಿರಬೇಕು, ಸಾಲುಗಳ ನಡುವೆ ಒತ್ತಕ್ಷರಕ್ಕೆ ಸಾಕಷ್ಟು ಜಾಗವಿರಬೇಕು. ಇಕ್ಕಟ್ಟಾಗಿ ಅಚ್ಚುಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದೊಡ್ಡವರ ಕಣ್ಣಿಗೆ ಇದು ಬೀಳುವುದಿಲ್ಲ.

ಇನ್ನೊಂದು ಮಾತು. ಕರ್ನಾಟಕದ ನಲಿಕಲಿ ಪದ್ಧತಿಯಲ್ಲಿ ಅಕ್ಷರಗಳನ್ನು ಅ, ಆ, ಇ ಎಂಬ ಕ್ರಮದಲ್ಲಿ ಅಲ್ಲ, ರ, ಗ, ಸ, ದ, ಅ ಎಂದು ಆರಂಭಿಸುತ್ತಾರೆ. ಐದೇ ಅಕ್ಷರಗಳಲ್ಲಿ ಸರ, ರಸ, ಅರಸ, ಗರಗಸ ಎಂದು ಅರ್ಥವುಳ್ಳ ಪದಗಳು ಹುಟ್ಟುತ್ತವೆ. ಕಾಗುಣಿತವನ್ನು ಬಾಯಿಪಾಠ ಹೇಳುವ ನಿಮ್ಮ ಮಗನಿಗೆ ಈಗ ಬೇಕಾಗಿರುವುದು ಇಂತಹ ಪದಗಳ ರೂಢಿ.

ಉತ್ತರ: ಗ್ರಂಥಾಲಯ ಕಾರ್ಯಕರ್ತೆ, ಬದಿಯಡ್ಕ

ಪೆರ್ಲದ ಅಕ್ಕನಿಗೆ ನಮಸ್ಕಾರ. ಪುಸ್ತಕ ಎಲ್ಲಿ ಸಿಗುತ್ತದೆ ಎಂಬುದಕ್ಕೆ ನಾನು ಉತ್ತರಿಸುತ್ತೇನೆ. ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಉಚಿತವಾಗಿ ದೊರೆಯುತ್ತವೆ. ಅವುಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಮೊದಲ ಹಂತದ ಕಥೆ 250 ಪದಗಳೊಳಗೆ, ಎರಡನೆಯದು 600 ಪದಗಳೊಳಗೆ ಮುಗಿಯುತ್ತದೆ. ಮೂಲ ಲೇಖಕರ ಮತ್ತು ಚಿತ್ರಕಾರರ ಹೆಸರನ್ನು ಉಳಿಸಿಕೊಂಡರೆ ಅವನ್ನು ಮುದ್ರಿಸಲು, ಅನುವಾದಿಸಲು, ಬದಲಿಸಿಕೊಳ್ಳಲು ಕೂಡ ಅನುಮತಿ ಇದೆ. ಮೊಬೈಲಿನಲ್ಲಿ ಓದಿಸಬೇಡಿ, ಕೇರಳ ಸರ್ಕಾರದ ಗಣಕ ಸೇವಾ ಕೇಂದ್ರವಾದ ಅಕ್ಷಯ ಕೇಂದ್ರದಲ್ಲಿ ಮುದ್ರಿಸಿ, ನಡುವೆ ಹೊಲಿದು ಕೊಡಿ. ಕಪ್ಪು ಬಿಳುಪಿನಲ್ಲಿ ತೆಗೆದರೆ ಮಕ್ಕಳೇ ಬಣ್ಣ ಹಚ್ಚುತ್ತಾರೆ, ಆಗ ಪುಸ್ತಕ ಅವರದೇ ಆಗುತ್ತದೆ.

ಆದರೆ ಆ ಹಂತಗಳಿಂದ ಕಥೆ ಎಷ್ಟು ಉದ್ದ ಎಂಬುದು ತಿಳಿಯುತ್ತದೆಯೇ ಹೊರತು ಒತ್ತಕ್ಷರ ಎಷ್ಟಿವೆ ಎಂಬುದು ತಿಳಿಯುವುದಿಲ್ಲ. ಕೆಲವು ಅನುವಾದಗಳಲ್ಲಿ ಮೊದಲ ಹಂತದಲ್ಲೇ ‘ಆಶ್ಚರ್ಯ’, ‘ಪ್ರಯತ್ನ’ ಎಂಬಂತಹ ಪದಗಳು ಬಂದುಬಿಡುತ್ತವೆ. ಮಾಸ್ತರರು ಹೇಳಿದ ಪರೀಕ್ಷೆಯನ್ನು ಅಲ್ಲಿಯೂ ಮಾಡಲೇಬೇಕು.

ನಮ್ಮ ವಾಚನಾಲಯದ ಮಕ್ಕಳಿಗಾಗಿ ನಾನು ಒಂದು ಕಥೆಯಲ್ಲಿದ್ದ ‘ಸೇತುವೆ’ಯನ್ನು ‘ಸಂಕ’ ಎಂದು ಬದಲಿಸಿ ಮುದ್ರಿಸಿದೆ. ತೋಡಿನ ಮೇಲಿನ ಅಡಿಕೆ ಮರದ ಸಂಕವನ್ನು ದಿನವೂ ದಾಟಿ ಬರುವ ಮಕ್ಕಳು ಆ ಸಾಲಿಗೆ ಬಂದಾಗ ಒಬ್ಬರನ್ನೊಬ್ಬರು ನೋಡಿ ನಕ್ಕರು, ಮತ್ತೆ ತಾವಾಗಿಯೇ ಅದನ್ನು ಓದಿದರು. ಜೂನ್ 19ರಂದು, ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ.ಎನ್. ಪಣಿಕ್ಕರರ ನೆನಪಿನ ವಾಚನ ದಿನಕ್ಕೆ, ಊರಿನ ಗ್ರಂಥಾಲಯಗಳು ಮಕ್ಕಳ ಪುಸ್ತಕಗಳ ಕಡೆಗೆ ಗಮನ ಹರಿಸುತ್ತವೆ. ಅದಕ್ಕೆ ಮುಂಚಿತವಾಗಿಯೇ ನಿಮ್ಮ ಗ್ರಂಥಾಲಯದವರಿಗೆ ಕನ್ನಡದ ಬೇಡಿಕೆ ಪಟ್ಟಿಯನ್ನು ಕೊಡಿ. ಕೇಳುವವರಿದ್ದರೆ ತರಿಸುತ್ತಾರೆ.

ಉತ್ತರ: ಕುಂಬಳೆಯ ತಂದೆ

ಮಾಸ್ತರರ ಮಾತಿಗೆ ಗೌರವವಿಟ್ಟುಕೊಂಡೇ ಒಂದು ವಿಷಯವನ್ನು ಸೇರಿಸುತ್ತೇನೆ. ಒತ್ತಕ್ಷರವನ್ನು ಅಳೆದು ಪುಸ್ತಕ ಕೊಡುವುದೊಂದೇ ದಾರಿಯಲ್ಲ. ಬಾಯಿಗೆ ಬಂದಿರುವ ಪದ್ಯವನ್ನು ಅಚ್ಚಿನಲ್ಲಿ ತೋರಿಸಿದರೆ ಮಗು ಕಷ್ಟದ ಪದವನ್ನೂ ದಾಟಿ ಹೋಗುತ್ತದೆ. ನನ್ನ ಮಗಳಿಗೆ ಪಂಜೆ ಮಂಗೇಶರಾಯರ ಶಿಶುಗೀತೆಗಳನ್ನು ಅಜ್ಜಿಯೇ ಕಲಿಸಿದ್ದರು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆಯವರ (1874–1937) ಪದ್ಯಗಳ ಗಾಳಿ, ಮಳೆ, ಕಡಲು ನಮ್ಮವೇ ಆಗಿವೆ. ಪದ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಹಾಡುತ್ತಾ ಬೆರಳನ್ನು ಸರಿಸಿದಳು. ಬೆರಳು ಪದಕ್ಕಿಂತ ಹಿಂದುಳಿದಾಗ ತಾನೇ ನಿಂತು ಹುಡುಕುತ್ತಿದ್ದಳು. ಅವಳು ಓದಲು ಕಲಿತದ್ದು ಆ ಹುಡುಕಾಟದಲ್ಲಿ.

ನಮ್ಮ ಮನೆಯ ಸುತ್ತಮುತ್ತ ಮಲಯಾಳವೇ ಹೆಚ್ಚು. ಮಲಯಾಳ ಲಿಪಿಯಲ್ಲಿ ಎತ್ವದ ಚಿಹ್ನೆ ವ್ಯಂಜನದ ಎಡಕ್ಕೆ ಬರುತ್ತದೆ, ಕನ್ನಡದಲ್ಲಿ ಅದು ಅಕ್ಷರದ ತಲೆಯ ಮೇಲಿರುತ್ತದೆ. ಎರಡನ್ನೂ ಒಂದೇ ವರ್ಷದಲ್ಲಿ ಕಲಿಯುವ ಮಕ್ಕಳು ಇದರಲ್ಲಿ ಸ್ವಲ್ಪ ಕಾಲ ತಡವರಿಸುತ್ತಾರೆ, ಗಾಬರಿಯಾಗಬೇಡಿ. ಮತ್ತೆ, ಕಷ್ಟದ ಪುಸ್ತಕಗಳನ್ನು ದಯವಿಟ್ಟು ಮಗನ ಕಣ್ಣಿನಿಂದ ಮರೆಮಾಡಬೇಡಿ. ರಾತ್ರಿ ನೀವು ಓದಿ ಹೇಳಿ, ತುಳುವಿನಲ್ಲಿ ಅರ್ಥ ಬಿಡಿಸಿ. ‘ಬೆಕ್ಕು’ ಎಂದರೆ ‘ಪುಚ್ಚೆ’ ಎಂದು ಅವನಿಗೆ ಗೊತ್ತಿರುವುದು ಒಂದು ಬಲವೇ.

ಪೆರ್ಲದ ತಾಯಿ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಏಳು ಪುಸ್ತಕಗಳನ್ನೂ ಎದುರಿಗಿಟ್ಟುಕೊಂಡು ನೋಡಿದೆ. ಎರಡರಲ್ಲಿ ಮಾತ್ರ ಅವನು ಎಡವದೆ ಸಾಗಬಲ್ಲ. ಒಂದರಲ್ಲಿ ಮೊದಲ ಪುಟದಲ್ಲೇ ಒಂಬತ್ತು ವಿಜಾತೀಯ ಒತ್ತಕ್ಷರಗಳಿದ್ದವು. ಉಳಿದ ಐದನ್ನು ರಾತ್ರಿಯ ಓದಿಗೆ ಎಂದು ಅವನಿಗೇ ಹೇಳಿ ಬೇರೆಯಾಗಿ ಜೋಡಿಸಿದ್ದೇನೆ. ಸಂಜೆ ಗರಗಸ, ಅರಸ, ಸರ ಎಂದು ಚೀಟಿಗಳಲ್ಲಿ ಬರೆದುಕೊಟ್ಟೆ. ‘ಗರಗಸ’ದ ಚೀಟಿಯನ್ನು ತೆಗೆದುಕೊಂಡು ಹೋಗಿ ಕೊಟ್ಟಿಗೆಯ ಗೋಡೆಗೆ ತೂಗುಹಾಕಿದ್ದ ಗರಗಸಕ್ಕೇ ಅಂಟಿಸಿ ಬಂದ. ಶನಿವಾರ ಅಕ್ಷಯ ಕೇಂದ್ರಕ್ಕೆ ಹೋಗಿ ಮೊದಲ ಹಂತದ ಎರಡು ಕಥೆಗಳನ್ನು ಕಪ್ಪು ಬಿಳುಪಿನಲ್ಲಿ ಮುದ್ರಿಸಿ ತರುತ್ತೇನೆ.