ಸಹಾಯ ಬೇಕು: ರಿವರ್ ಸಾಂಗ್ ಲೆಕ್ಕ ತಾಳೆಯಾಗುತ್ತಿಲ್ಲ

ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಡಾಕ್ಟರ್ ಎಂಬಾತನ ಬ್ರಿಟಿಷ್ ಟಿವಿ ಧಾರಾವಾಹಿ 'ಡಾಕ್ಟರ್ ಹೂ' ನೋಡಿದವರು ಯಾರಾದರೂ ಇದ್ದೀರಾ? 2015ರ ಕ್ರಿಸ್‌ಮಸ್ ಕಂತು 'ದಿ ಹಸ್ಬೆಂಡ್ಸ್ ಆಫ್ ರಿವರ್ ಸಾಂಗ್' ಈಗಷ್ಟೇ ಮುಗಿಸಿದೆ. ತಲೆ ಮೇಲೆ ಜಿಂಕೆ ಕೊಂಬು ಹೊತ್ತು ಬಾಗಿಲು ತೆಗೆಯುವ ಡಾಕ್ಟರ್ (ನಟ ಪೀಟರ್ ಕಪಾಲ್ಡಿ), ಬ್ಯಾಗಿನೊಳಗಿಂದ ಕಿರುಚಾಡುವ ರಾಜನ ತಲೆ! ನಕ್ಕು ನಕ್ಕು ಸಾಕಾಯಿತು.

ಕೊನೆಗೆ ಡಾರಿಲಿಯಂ ಅನ್ನೋ ಗ್ರಹ ಬಂದಾಗ ತಲೆ ಕೆಟ್ಟಿತು. 2008ರ ಲೈಬ್ರರಿ ಕಂತಿನಲ್ಲಿ ಸಾಯುವ ಮುಂಚೆ ಡಾಕ್ಟರ್‌ನ ಹೆಂಡತಿ ರಿವರ್ ಅವನಿಗೆ ಹೇಳುತ್ತಾಳಲ್ವಾ, ನೀನು ಹೊಸ ಹೇರ್‌ಕಟ್, ಸೂಟ್ ಹಾಕಿಕೊಂಡು ನನ್ನ ಮನೆ ಬಾಗಿಲಿಗೆ ಬಂದೆ, ಡಾರಿಲಿಯಂನ ಹಾಡುವ ಗೋಪುರ ತೋರಿಸಿದೆ, ನಿನ್ನ ಸ್ಕ್ರೂಡ್ರೈವರ್ ಕೂಡ ಕೊಟ್ಟೆ ಅಂತ. ಇಲ್ಲಿ ಸೂಟ್ ಇದೆ, ಸ್ಕ್ರೂಡ್ರೈವರ್ ಉಡುಗೊರೆಯೂ ಇದೆ. ಆದರೆ ಅವರು ಅಲ್ಲಿಗೆ ಬರುವುದು ಹಡಗು ಅಪ್ಪಳಿಸಿ! ಮನೆ ಬಾಗಿಲು ಎಲ್ಲಿ?

ಎರಡೂ ಕಂತು ಮತ್ತೆ ಹಾಕಿ ನೋಡಿದೆ, ಸಬ್‌ಟೈಟಲ್ ಸಮೇತ. ತಂಗಿ ಕೇಳಿದರೆ "ಸುಮ್ನೆ ನೋಡು" ಅಂತಾಳೆ. ಡಾರಿಲಿಯಂನ ಒಂದು ರಾತ್ರಿ 24 ವರ್ಷ ಅಂತೆ, ಅದರ ನಡುವೆ ಏನಾದರೂ ನಡೆದಿರಬಹುದಾ?

ನನ್ನ ಪ್ರಶ್ನೆ ಇಷ್ಟೇ: ಆ 'ಮನೆ ಬಾಗಿಲು' ಮಾತಿಗೆ ಮುಂದಿನ ಯಾವುದಾದರೂ ಕಂತಿನಲ್ಲಿ ಉತ್ತರ ಇದೆಯಾ, ಅಥವಾ ಬರೆದವರೇ ಏಳು ವರ್ಷದಲ್ಲಿ ಮರೆತುಬಿಟ್ಟರಾ?