ಸಹಾಯ ಬೇಕು: ಮಗ್ಗದ ಸದ್ದಲ್ಲಿ ಅಪ್ಪನ ಮಾತು ಕೇಳ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಇಳಕಲ್. ಅಜ್ಜನ ಕಾಲದ ಕುಣಿಮಗ್ಗದಲ್ಲಿ ಅಪ್ಪ ಇವತ್ತಿಗೂ ಸೀರೆ ನೇಯ್ತಾರೆ. ಅದರ ಮೇಲೆ ಸಾಕ್ಷ್ಯಚಿತ್ರ ಮಾಡ್ತಿದ್ದೀನಿ. ಹಾಸು ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟೋ ಎಳೆಗಳು; ಸೀರೆ ಒಡಲಿನ ಹತ್ತಿ ಹಾಸಿನ ಜೊತೆ ಸೆರಗಿನ ಕೆಂಪು ರೇಷ್ಮೆ ಹಾಸನ್ನ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸೋದು ಬಹಳ ಚೆನ್ನಾಗಿ ಬಂದಿದೆ.

ತೊಂದರೆ ಇರೋದು ನೇಯ್ಗೆ ಶುರುವಾದ ಮೇಲೆ. ಲಾಳಿ ಓಡಿದ್ರೆ ಅಪ್ಪನ ಮಾತೇ ಕೇಳಲ್ಲ. ಕಾಲರ್ ಮೈಕ್ ಹಾಕಿದ್ರೂ ಬಡಿತವೇ ಜೋರು. ಎಡಿಟಿಂಗ್‌ನಲ್ಲಿ ಸದ್ದು ತೆಗೆದ್ರೆ ದನಿ ತಗಡು ಬಡಿದ ಹಾಗಾಗುತ್ತೆ. ಮಗ್ಗ ಬಿಟ್ಟು ಕೂರಿಸಿದ್ರೆ ಅವರಿಗೆ ಮಾತೇ ಹೊರಡಲ್ಲ, ಕೈ ಆಡ್ತಿದ್ರೇನೇ ಎಲ್ಲಾ ನೆನಪಾಗೋದು. ಹಾಗಂತ ಮಗ್ಗದ ಸದ್ದೂ ನಂಗೆ ಬೇಕೇ ಬೇಕು.

ಇಂಥ ಇಕ್ಕಟ್ಟು ಕೋಣೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡೋಕೆ ಯಾವ ಥರದ ಮೈಕ್ ಬೇಕು, ಎಲ್ಲಿ ಇಡಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳ್ತೀರಾ?