ಅಪ್ಪ ಎಪಿಕೆ ಫೈಲ್ ಒತ್ತಿಬಿಟ್ಟಿದ್ದಾರೆ, ಈಗ ಏನು ಮಾಡಲಿ?

ಪ್ರಶ್ನೆ: ನಾವು ಮೂಡಿಗೆರೆಯವರು. ಕಾಫಿ ಮಾರಿದ ದುಡ್ಡು ಮೊನ್ನೆ ತಾನೇ ಅಪ್ಪನ ಖಾತೆಗೆ ಬಂದಿದೆ. ಇವತ್ತು ಬೆಳಿಗ್ಗೆ ವಾಟ್ಸಾಪ್‌ನಲ್ಲಿ 'ಜೀಪಿಗೆ ದಂಡ' ಅಂತ ಒಂದು ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂತು. ಅಪ್ಪ ಇನ್‌ಸ್ಟಾಲ್ ಮಾಡಿದ್ದಾರೆ. ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತಂತೆ, ಅದಕ್ಕೂ ಹೂಂ ಅಂದಿದ್ದಾರೆ. ದುಡ್ಡು ಇನ್ನೂ ಹೋಗಿಲ್ಲ. ತುಂಬಾ ಭಯವಾಗುತ್ತಿದೆ.

ಉತ್ತರ: ಆ ಆ್ಯಪ್ ಒಟಿಪಿ ಕದಿಯುತ್ತದೆ. ಮೊದಲು ಡೇಟಾ, ವೈಫೈ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಸಿ. ನಂಬರ್ ಸುಮ್ನೆ ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ನಕಲಿ ನಂಬರ್‌ಗಳೂ ಇರುತ್ತವೆ. ಕಾರ್ಡಿನ ಹಿಂದೆ ಇರುತ್ತದಲ್ವಾ, ಅದಕ್ಕೇ ಮಾಡಿ.

ಉತ್ತರ: ಒಂದು ರೂಪಾಯಿ ಹೋದರೂ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಕಲೇಶಪುರದ ನಮ್ಮ ಚಿಕ್ಕಪ್ಪ ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರು. ಅಷ್ಟರಲ್ಲಿ ಎಲ್ಲ ಖಾಲಿ. ಅಪ್ಪನನ್ನು ದಯವಿಟ್ಟು ಬೈಯಬೇಡಿ.

ಪ್ರಶ್ನೆ ಕೇಳಿದವರು: ಖಾತೆ ತಡೆಸಿದೆವು. ದುಡ್ಡು ಉಳಿದಿದೆ. ನಾಳೆ ಫೋನ್ ರೀಸೆಟ್ ಮಾಡಿಸುತ್ತೇವೆ.